ನಾಳಿನ ಹನ್ನೆರಡು ಗಂಟೆಗೆ ಮಾತ್ರ

ಪೊದ್‌ಲೆಸಿ, ೧೧ ನವೆಂಬರ್ ೨೦೧೪
ಸಂತ ಮಾರ್ಟಿನರ ಹಬ್ಬ

ತಮ್ಮ ರಾದಿಮ್‌ಗೆ,

ಪ್ರಭು ಯೇಸುವಿಗೆ ಸ್ತುತಿ.

ಐದೂವರೆ ವರ್ಷದ ಮೇಲೆ ಬರೆಯುತ್ತಿದ್ದೇನೆ. ಯಾರೂ ಸತ್ತಿಲ್ಲ, ಹೆದರಬೇಡ. ಇಗರ್ಜಿಯ ಯಂತ್ರ ನಿಂತಿದೆ, ಅದಕ್ಕೆ ಬರೆದೆ.

ನೀನೂ ನಿನ್ನ ಭಾವ ವೊಯ್ತಾನೂ ಒಂದು ಇಡೀ ಚಳಿಗಾಲ ನನ್ನ ಅಡಿಗೆಮನೆಯ ಮೇಜಿನ ತುಂಬ ಬಿಚ್ಚಿ ಹರಡಿಕೊಂಡು ಕೂತಿದ್ದಿರಲ್ಲ, ಅದೇ ಕಂಪ್ಯೂಟರು. ವೊಯ್ತಾ ತೀರಿಹೋದ ಮೇಲೂ ಅದು ದಿನಾ ನಡುಹಗಲಿಗೆ ತಾನೇ ಎದ್ದು, ಗೋಪುರದ ಆನ್ನಾ ಗಂಟೆಯನ್ನು ಬಾರಿಸಿ, ಮತ್ತೆ ತಾನೇ ಮಲಗುತ್ತಿತ್ತು. ಒಂದು ದಿನ ತಪ್ಪಿದ್ದಿಲ್ಲ. ಅಕ್ಟೋಬರಿನಲ್ಲಿ ಫಾದರ್ ಮೆತೋದೇಯ್ ಯಿಹ್ಲಾವಾದಿಂದ ಒಬ್ಬನನ್ನು ಕರೆಸಿದರು. "ಇದು ತೀರಾ ಹಳೇದು, ಒಳಗಿರೋದನ್ನೆಲ್ಲ ಹೊಸದು ಮಾಡ್ತೀನಿ" ಎಂದು ಅವನು ಅರ್ಧ ದಿನ ಕೂತು ಏನೇನೋ ಹಾಕಿ ಹೋದ. ಅಂದಿನಿಂದ ಹೀಗೆ: ಗುಂಡಿ ಒತ್ತಿ ಎಬ್ಬಿಸಿದರೆ ಮೊದಲ ದಿನದ ಗಂಟೆ ಆಗುತ್ತದೆ. ಆಮೇಲೆ ಮಲಗುತ್ತದೆ. ಮಲಗಿದ್ದು ಏಳುವುದಿಲ್ಲ.

ಆ ಮನುಷ್ಯನಿಗೆ ಫೋನು ಮಾಡಿದರೆ, "ಹಾಗಾದ್ರೆ ಮಲಗಿಸಬೇಡಿ, ಯಾವಾಗಲೂ ಎಚ್ಚರವಾಗೇ ಇರಲಿ" ಅಂದ. ಅದರ ಫ್ಯಾನು ಹೇಗೆ ಗೊರಗುಡುತ್ತದೆಂದು ನಿನಗೆ ಗೊತ್ತು. ಅದಿರುವ ಪೂಜಾವಸ್ತ್ರದ ಕೋಣೆಗೂ ಪೀಠಕ್ಕೂ ನಡುವೆ ಒಂದು ತೆಳು ಬಾಗಿಲು. ಫಾದರ್ ಪರಮಪ್ರಸಾದ ಎತ್ತಿ ಹಿಡಿದಾಗ ಹಿಂದಿನಿಂದ ಗೊರ್ ಗೊರ್ ಎನ್ನಬೇಕೆ?

ಈಗ ಅಂಗಡಿಗೆ ಬೀಗ ಹಾಕಿ ಓಡಿ, ಇವತ್ತಾದರೂ ತಾನೇ ಏಳುತ್ತದೇನೋ ಎಂದು ಕಾದು, ಕೊನೆಗೆ ನಾನೇ ಹಗ್ಗ ಎಳೆಯುತ್ತಿದ್ದೇನೆ. ಬಲ ಭುಜ ಮೇಲೆ ಬರುವುದಿಲ್ಲ. ಇಗರ್ಜಿಯ ಸಮಿತಿಯ ಸಭೆಯಲ್ಲಿ ಹ್ರುಬೇಶ್ ಹೇಳಿದ: "ಒಂದು ಧ್ವನಿವರ್ಧಕ ಕಟ್ಟಿಬಿಡೋಣ ಬೊಹುನಾ. ಪ್ರಾಗಿನ ದೊಡ್ಡ ಇಗರ್ಜಿಯ ಗಂಟೇನೇ ಕೇಳಿಸಬಹುದು."

"ನಮ್ಮ ಆನ್ನಾ ಏನು ಮಾಡಬೇಕು?" ಅಂದೆ.

"ನಿವೃತ್ತಿ ತಗೊಳ್ಳಲಿ. ನಾನು ತಗೊಂಡಿಲ್ವಾ?"

ಎಲ್ಲರೂ ನಕ್ಕರು. ಈಸ್ಟರಿನ ಪಾಸ್ಕ ಹಬ್ಬದವರೆಗೆ ನನಗೆ ಸಮಯ ಕೊಟ್ಟಿದ್ದಾರೆ. ಅಷ್ಟರಲ್ಲಿ ಯಂತ್ರ ಸರಿಹೋಗದಿದ್ದರೆ ಧ್ವನಿವರ್ಧಕ.

ನಾನು ಹಗ್ಗ ಎಳೆದರೂ ಗಂಟೆಯ ದನಿ ಅದೇ, ಸರಿ. ಆದರೆ ಮೊದಲು ಅದು ಬಾರಿಸಿದಾಗ ನಾನು ತಟ್ಟೆ ಹಾಕುತ್ತಿದ್ದೆ, ಮನೆಯಲ್ಲಿ ಇನ್ನೊಬ್ಬರು ಇದ್ದಂತೆ ಆಗುತ್ತಿತ್ತು. ನಾನೇ ಎಳೆದು ನಾನೇ ಕೇಳುವುದೆಂದರೆ ನನಗೆ ನಾನೇ ಕಾಗದ ಬರೆದುಕೊಂಡ ಹಾಗೆ.

ನೀನು ಇಂಥ ಕೆಲಸವನ್ನೇ ಮಾಡುವವನು. ಉಳಿದ ಮಾತು ಎತ್ತುವುದಿಲ್ಲ.

ನಿನ್ನ ಅಕ್ಕ,
ಬೊಹುನಾ

*

ಬ್ರ್ನೊ, ೨೦ ನವೆಂಬರ್ ೨೦೧೪

ಅಕ್ಕಾ,

ಕಾಗದ ಬಂತು. ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆ, ಎರಡೇ ತಿರುಪು. ಒಳಗಿನ ಹಸಿರು ಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಹೆಸರೂ ಅಂಕಿಯೂ ಇವೆ. ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲೆ ಎರಡು ಸಾಲು ಬರುತ್ತವೆ. ಅಷ್ಟನ್ನೂ ಅಕ್ಷರಕ್ಕಕ್ಷರ ಬರೆದು ಕಳಿಸು. ಒಂದು ಚುಕ್ಕೆಯೂ ಬಿಡಬಾರದು, ಹೆಸರಿನ ನಡುವೆ ಜಾಗವಿದ್ದರೆ ಜಾಗ ಬಿಟ್ಟೇ ಬರಿ.

ಬೇರೆ ಯಾರಿಗೂ ಮುಟ್ಟಲು ಕೊಡಬೇಡ.

ರಾದಿಮ್

*

ಪೊದ್‌ಲೆಸಿ, ೬ ಡಿಸೆಂಬರ್ ೨೦೧೪

ತಮ್ಮಾ,

ಪ್ರಭು ಯೇಸುವಿಗೆ ಸ್ತುತಿ.

ಬೇರೆ ಹಾಳೆಯಲ್ಲಿ ಎಲ್ಲ ಬರೆದಿದ್ದೇನೆ. ಮೂರು ಸಲ ಹೋಲಿಸಿ ನೋಡಿದೆ. ಹಲಗೆ ಮಾಡಿದ ಕಂಪನಿಯ ಹೆಸರಿನ ಕೊನೆಗೆ, ಅಂಕಿ ಶುರುವಾಗುವ ಮೊದಲು, ಎರಡು ಜಾಗ ಖಾಲಿ ಇವೆ, ಅದನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದ್ದೇನೆ. ಎರಡನೇ ಸಾಲು ಓದುವಷ್ಟರಲ್ಲಿ ಮಾಯವಾಗುತ್ತದೆ. ಹದಿನಾಲ್ಕು ಸಲ ಗುಂಡಿ ಒತ್ತಿ ಒಂದೊಂದು ಪದ ಹಿಡಿದೆ. ಪಕ್ಕದ ಮನೆಯ ಕ್ವೇತಾ ಬಂದು ನೋಡಿ, "ಜಪಸರ ಬಿಟ್ಟು ಈಗ ಇದನ್ನ ಎಣಿಸ್ತಿದ್ದೀಯೇನೇ?" ಅಂದಳು.

ಒಳಗೆ ಸಿಕ್ಕಾಪಟ್ಟೆ ಧೂಳು. ಒಂದು ತಂತಿಗೆ ವೊಯ್ತಾ ನನ್ನ ಹಸಿರು ಉಣ್ಣೆಯ ನೂಲು ಕಟ್ಟಿದ್ದಾನೆ. ಆ ವರ್ಷ ನನ್ನ ಉಂಡೆ ಕಾಣದೆ ಹುಡುಕಿದ್ದೆ.

ಕ್ರಿಸ್ಮಸ್‌ಗೆ ಮೀನು ಹೇಳಿದ್ದೇನೆ. ಯಾವತ್ತಿನ ಹಾಗೆ ಒಂದು ತಟ್ಟೆ ಹೆಚ್ಚಿಗೆ ಇಡುತ್ತೇನೆ, ಯಾರೋ ಬರಬಹುದಾದವರಿಗೆ. ಬ್ರ್ನೊದಿಂದ ಬಸ್ಸಿಗೆ ಎರಡು ಗಂಟೆ ಅಷ್ಟೆ.

ಅಕ್ಕ,
ಬೊಹುನಾ

*

ಬ್ರ್ನೊ, ೯ ಜನವರಿ ೨೦೧೫

ಅಕ್ಕಾ,

ನೀನು ಬರೆದು ಕಳಿಸಿದ್ದು ನನಗೆ ಇಂಜಿನಿಯರುಗಳೂ ಕಳಿಸದಷ್ಟು ಸರಿಯಾಗಿತ್ತು. ಕಾರಣ ಸಿಕ್ಕಿದೆ.

ಹಲಗೆಯೊಳಗೆ ಅದನ್ನು ಮಾಡಿದವರೇ ತುಂಬಿಟ್ಟ ಒಂದು ಸಣ್ಣ ಬರಹವಿರುತ್ತದೆ, ಫರ್ಮ್‌ವೇರ್ ಅನ್ನುತ್ತಾರೆ. ಕಂಪ್ಯೂಟರು ಎದ್ದ ಕೂಡಲೇ ನಮ್ಮ ಕರ್ನಲ್, ಅಂದರೆ ಎಲ್ಲ ಕೆಲಸ ನಡೆಸುವ ಮೇಸ್ತ್ರಿ, ಅದನ್ನು ಕೇಳುತ್ತದೆ: ನಿನ್ನಲ್ಲಿ ಏನೇನಿದೆ, ಏನು ಮಾಡಬಲ್ಲೆ? ಅದು ಹೇಳಿದ್ದನ್ನು ನಂಬಿ ಕೆಲಸ ಶುರುಮಾಡುತ್ತದೆ. ಮಲಗುವ ಮೊದಲು "ಎಷ್ಟು ದೂರದ ದಿನಕ್ಕೆ ಎಬ್ಬಿಸಬಲ್ಲೆ?" ಎಂದು ಕೇಳಿದರೆ, ನಿಮ್ಮ ಹಲಗೆಯ ಫರ್ಮ್‌ವೇರ್ "ಒಂದು ತಿಂಗಳವರೆಗೆ, ತಾರೀಕು ಹೇಳಿ" ಅನ್ನುತ್ತದೆ. ಸುಳ್ಳು. ತಾರೀಕು ಇಟ್ಟುಕೊಳ್ಳುವ ಜಾಗವೇ ಅದಕ್ಕಿಲ್ಲ. ಗಂಟೆ, ನಿಮಿಷ ಅಷ್ಟೇ ಅದಕ್ಕೆ ಗೊತ್ತು. ಹಳೆಯ ಕರ್ನಲ್ ತಾರೀಕು ಹೇಳುತ್ತಲೇ ಇರಲಿಲ್ಲ, ಆದ್ದರಿಂದ ನಡೆಯುತ್ತಿತ್ತು. ಹೊಸದು ಅದರ ಮಾತು ನಂಬಿ ತಾರೀಕು ಕೊಡುತ್ತದೆ. ಅದು ತಬ್ಬಿಬ್ಬಾಗಿ ಏಳುವುದೇ ಇಲ್ಲ.

ಫರ್ಮ್‌ವೇರ್ ತಿದ್ದಲಾಗದು, ಮಾಡಿದ ಕಂಪನಿ ಮುಚ್ಚಿ ಹೋಗಿದೆ. ಇಂಥ ಹೊತ್ತಿನಲ್ಲಿ ನಾವು ಒಂದು ಕೆಲಸ ಮಾಡುತ್ತೇವೆ. ಕರ್ನಲ್ ಒಳಗೊಂದು ಪಟ್ಟಿಯಿದೆ. ಅದರಲ್ಲಿ ಆ ಯಂತ್ರದ ಹೆಸರು ಬರೆದು, "ಇದು ಹೀಗೆ ಹೇಳುತ್ತದೆ, ನಂಬಬೇಡ, ಇದರ ಹತ್ತಿರ ಹೀಗೆ ನಡೆದುಕೋ" ಎಂದು ಒಂದು ಸಾಲು ಸೇರಿಸುತ್ತೇವೆ. ಬೈಯುವುದಿಲ್ಲ, ಎಸೆಯುವುದೂ ಇಲ್ಲ. ಸುತ್ತು ಹಾಕಿಕೊಂಡು ಹೋಗುತ್ತೇವೆ. ನಿಮ್ಮದಕ್ಕೆ ತಾರೀಕು ಬಿಟ್ಟು, ನಾಳೆಯ ಗಂಟೆಯ ಮಟ್ಟಿಗೆ ಮಾತ್ರ ಹೇಳಿದರೆ ಸಾಕು. ನಾಳೆ ಎದ್ದಾಗ ಅದರ ಮರುದಿನಕ್ಕೆ.

ಆ ಸಾಲು ಸೇರಿಸಿದ ಕರ್ನಲ್ ತುಂಬಿ ಪೆನ್‌ಡ್ರೈವ್ ಇಟ್ಟಿದ್ದೇನೆ. ಹಿಂದೆ ಚುಚ್ಚಿ ಗುಂಡಿ ಒತ್ತು.

ರಾದಿಮ್

*

ಪೊದ್‌ಲೆಸಿ, ೨ ಫೆಬ್ರವರಿ ೨೦೧೫
ಮೇಣದಬತ್ತಿಯ ಹಬ್ಬ

ತಮ್ಮಾ,

ಪ್ರಭು ಯೇಸುವಿಗೆ ಸ್ತುತಿ.

ನೀನು ಕಳಿಸಿದ್ದು ಹಾಕಿದರೂ, ಮೊದಲ ದಿನ ಬಾರಿಸಿ ಮಲಗಿದ್ದು ಮತ್ತೆ ಏಳಲೇ ಇಲ್ಲ. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಹೋಗಿ ಕೂರುತ್ತೇನೆ. ಕೈಯಲ್ಲಿ ಜಪಸರ, ಕಣ್ಣು ಆ ಸಣ್ಣ ದೀಪದ ಮೇಲೆ. ಹನ್ನೆರಡಾಗುತ್ತದೆ, ದೀಪ ಹತ್ತುವುದಿಲ್ಲ, ಎದ್ದು ಹಗ್ಗ ಹಿಡಿಯುತ್ತೇನೆ. ಎಂಟು ದಿನ ಹಾಗೇ. ಕೊನೆಗೆ ನಿನ್ನ ಪೆನ್‌ಡ್ರೈವ್ ಕಿತ್ತು ಲಕೋಟೆಯಲ್ಲಿ ಹಾಕಿದ್ದೇನೆ, ಪರೀಕ್ಷಿಸಿ ನೋಡು.

ಪಟ್ಟಿಯ ವಿಷಯ ಫಾದರ್‌ಗೆ ಹೇಳಿದೆ. ಅವರು ನಕ್ಕು, "ಅಂದ್ರೆ ಪಾಪನಿವೇದನೆ ಉಂಟು, ಪಾಪಕ್ಷಮೆ ಇಲ್ಲ ಅನ್ನು" ಅಂದರು. ನನಗೆ ಹಾಗನ್ನಿಸಲಿಲ್ಲ. ಒಂದು ಯಂತ್ರದ ದೋಷವನ್ನು ಹೆಸರು ಹಿಡಿದು ಬರೆದಿಟ್ಟು, ಅದು ಬದುಕಿರುವಷ್ಟು ದಿನ ಅದರೊಂದಿಗೆ ಹೊಂದಿಕೊಂಡು ಹೋಗುವುದು ಸಣ್ಣ ಕ್ಷಮೆಯೇನಲ್ಲ.

ಆ ಪಟ್ಟಿಯಲ್ಲಿ ಮನುಷ್ಯರ ಹೆಸರೂ ಇರುತ್ತದಂತೆ, ಕ್ವೇತಾಳ ಮಗಳು ಹೇಳಿದಳು. ಹಾಗಿದ್ದರೆ ವೊಯ್ತಾನ ಹೆಸರು ಹಾಕು.

ಕ್ರಿಸ್ಮಸ್ಸಿನ ತಟ್ಟೆ ತೊಳೆಯದೆಯೇ ಒಳಗಿಟ್ಟೆ. ಕೊಳೆಯಾಗಿದ್ದರೆ ತಾನೆ ತೊಳೆಯುವುದು.

ಬೊಹುನಾ

*

ಬ್ರ್ನೊ, ೨೭ ಮಾರ್ಚ್ ೨೦೧೫

ಅಕ್ಕಾ,

ತಡವಾಯಿತು. ತಪ್ಪು ನನ್ನದು. ಕಂಪನಿಯ ಹೆಸರಿನ ಕೊನೆಯ ಎರಡು ಖಾಲಿ ಜಾಗ ನೀನು ಗುರುತು ಮಾಡಿ ಕೊಟ್ಟಿದ್ದೆ, ನಾನು ಒಂದೇ ಬಿಟ್ಟಿದ್ದೆ. ಹೆಸರು ಹೊಂದದಿದ್ದರೆ ಆ ಸಾಲು ಯಾವ ಕೆಲಸಕ್ಕೂ ಬಾರದು.

ಇದು ನಾನೊಬ್ಬನೇ ಸೇರಿಸುವಂಥದಲ್ಲ. ಪಟ್ಟಿ ನೋಡಿಕೊಳ್ಳುವ ಆಂತೆರೊ ಎಂಬವನು ಫಿನ್ಲೆಂಡಿನಲ್ಲಿದ್ದಾನೆ. ಎಲ್ಲ ಮಾತೂ ಬಹಿರಂಗವಾಗಿ, ಸಾವಿರ ಜನ ಓದುವಂತೆ ನಡೆಯುತ್ತದೆ. ಅವನು ಕೇಳಿದ: "ಒಂದು ಹಳ್ಳಿಯ ಒಂದು ಇಗರ್ಜಿಯ ಒಂದು ಯಂತ್ರಕ್ಕೆ ಲೋಕವೆಲ್ಲ ಹೊರಬೇಕಾದ ಸಾಲೇ?" ನಾನು ಹೇಳಿದೆ, ಮೊದಲು ನಡೆಯುತ್ತಿದ್ದದ್ದು ನಮ್ಮ ಬದಲಾವಣೆಯಿಂದ ನಿಂತರೆ ತಪ್ಪು ನಮ್ಮದು, ಹಲಗೆ ಎಷ್ಟು ಹಳೆಯದಾದರೂ ಸರಿ. ನಮ್ಮಲ್ಲಿ ಇದು ಎಲ್ಲಕ್ಕಿಂತ ದೊಡ್ಡ ನಿಯಮ. ಅವನು ಒಪ್ಪಿದ. ಆದರೆ ಯಂತ್ರದ ಒಡೆಯರೇ ಮೂರು ದಿನ ಬಿಡದೆ ನೋಡಿ ಹೇಳಬೇಕು ಅಂದ. ಅಂಥ ಹಲಗೆ ನನಗೆ ಎಲ್ಲೂ ಸಿಗಲಿಲ್ಲ.

ವೊಯ್ತಾನ ಹೆಸರು ಆಗುವುದಿಲ್ಲ. "ಪರೀಕ್ಷಿಸಿದವರು" ಎಂಬ ಸಾಲಿನಲ್ಲಿ ಕಣ್ಣಾರೆ ನೋಡಿದವರ ಹೆಸರು ಮಾತ್ರ. ಅಲ್ಲಿ ಯಾರೂ ಸುಳ್ಳು ಬರೆಯುವಂತಿಲ್ಲ.

ಹೊಸ ಪೆನ್‌ಡ್ರೈವ್ ಬುಧವಾರ ಸಂಜೆ ಹಾಕು. ಗುರುವಾರ, ಶುಕ್ರವಾರ, ಶನಿವಾರ ನಡುಹಗಲಿಗೆ ಬಾರಿಸಿತೇ ಇಲ್ಲವೇ ಅಷ್ಟನ್ನೇ ಒಂದು ಕಾರ್ಡಿನಲ್ಲಿ ಬರಿ. ಹೌದು ಅಥವಾ ಇಲ್ಲ. ಕಥೆ ಬೇಡ ಅಕ್ಕಾ, ಕ್ವೇತಾ ಬೇಡ, ಫಾದರ್ ಬೇಡ. ಸಮಯವಿಲ್ಲ.

ರಾದಿಮ್

*

ಪೊದ್‌ಲೆಸಿ, ೪ ಏಪ್ರಿಲ್ ೨೦೧೫

ಗುರುವಾರ: ಹೌದು.
ಶುಕ್ರವಾರ: ಇಲ್ಲ.
ಶನಿವಾರ: ಇಲ್ಲ.

ಬೊ.

*

ಬ್ರ್ನೊ, ೮ ಏಪ್ರಿಲ್ ೨೦೧೫

ಅಕ್ಕಾ,

ನಿನ್ನ ಕಾರ್ಡು ನಿನ್ನೆ ಬಂತು. ಮೊದಲಿನ ರೋಗವೇ. ಎಬ್ಬಿಸಿದರೆ ಒಂದು ದಿನ, ಆಮೇಲೆ ಇಲ್ಲ. ನಾನು ತಿಳಿದುಕೊಂಡದ್ದೇ ತಪ್ಪಿರಬೇಕು. ಪರೀಕ್ಷೆ ಸೋತಿತು ಎಂದು ಎಲ್ಲರೆದುರು ಬರೆದು ಆ ಸಾಲನ್ನು ಹಿಂದಕ್ಕೆ ತೆಗೆದುಕೊಂಡೆ. ಆಂತೆರೊ ಒಳ್ಳೆಯವನು, "ಪರವಾಗಿಲ್ಲ, ಹಲಗೆಗೂ ಮುಪ್ಪಿದೆ" ಅಂದ.

ಹ್ರುಬೇಶರಿಗೆ ಧ್ವನಿವರ್ಧಕ ಕಟ್ಟಲು ಹೇಳು. ನನ್ನ ಕೈಯಲ್ಲಿ ಆಗಲಿಲ್ಲ.

ಇನ್ನೊಂದು ಮಾತು. ಈ ಕೆಲಸದಲ್ಲಿ ದಿನಕ್ಕೆ ನೂರು ಕಾಗದ ಬರುತ್ತವೆ. ಒಂದರಲ್ಲೂ ಊಟ ಆಯಿತೇ ಎಂದು ಇರುವುದಿಲ್ಲ. ಇರಬೇಕಾಗಿಯೂ ಇಲ್ಲ, ಅದು ಅದಕ್ಕಲ್ಲ. ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ಕಳೆದ ವಾರ ಬೇಕರಿಯ ಹೆಂಗಸಿಗೆ "ಎರಡು ಕೊಡಿ" ಅಂದಾಗ ನನ್ನ ದನಿ ನನಗೇ ಒಡಕಾಗಿ ಕೇಳಿಸಿತು. ಎಷ್ಟು ದಿನದಿಂದ ಬಾಯಿಬಿಟ್ಟಿರಲಿಲ್ಲವೋ. ನಿನ್ನ ಹಸಿರು ನೂಲಿನ ಕಾಗದ ಮೇಜಿನ ಮೇಲೇ ಇದೆ. ನೂಲು ಕಟ್ಟಿದ್ದು ವೊಯ್ತಾ ಅಲ್ಲ, ನಾನು. ಕೆಂಪು ತಂತಿ ಯಾವುದೆಂದು ಅವನಿಗೆ ದೀಪದ ಬೆಳಕಿನಲ್ಲಿ ಗೊತ್ತಾಗುತ್ತಿರಲಿಲ್ಲ.

ಇನ್ನು ಬರೆಯಲು ಕಾರಣವಿಲ್ಲ, ಅದಕ್ಕೆ ಇಷ್ಟು ಬರೆದೆ.

ರಾದಿಮ್

*

ಪೊದ್‌ಲೆಸಿ, ೧೧ ಏಪ್ರಿಲ್ ೨೦೧೫

ರಾದಿಮ್,

ಪ್ರಭು ಯೇಸುವಿಗೆ ಸ್ತುತಿ.

ಪವಿತ್ರ ಗುರುವಾರ ಸಂಜೆ ಗಂಟೆಗಳೆಲ್ಲ ಎಲ್ಲಿಗೆ ಹೋಗುತ್ತವೆ?

ಹೇಳು. ನೀನು ಏಳು ವರ್ಷ, ಆ ದಿನಗಳಲ್ಲಿ ಗಂಟೆಗೆ ಬದಲಾಗಿ ಮರದ ಗಿಲಕಿ ಹಿಡಿದು ಈ ಊರಿನ ಬೀದಿ ಸುತ್ತಿದವನು. ಅಂಗೈಯಲ್ಲಿ ಬೊಬ್ಬೆ ಎದ್ದು ಅಮ್ಮ ಬಾತುಕೋಳಿಯ ಕೊಬ್ಬು ಸವರುತ್ತಿದ್ದಳು. ಗಂಟೆಗಳು ರೋಮಿಗೆ ಹಾರಿ ಹೋಗುತ್ತವೆ, ಶನಿವಾರ ಸಂಜೆಯ ಪೂಜೆಗೆ ವಾಪಸು ಬರುತ್ತವೆ. ಶುಭ ಶುಕ್ರವಾರದ ದಿನ ನಡುಹಗಲಿಗೆ ಆನ್ನಾ ಬಾರಿಸುವುದುಂಟೆ? ಶನಿವಾರ ಬಾರಿಸುವುದುಂಟೆ?

ಶುಕ್ರವಾರ ನಾನು ಅಲ್ಲೇ ಕೂತಿದ್ದೆ. ಹನ್ನೆರಡಕ್ಕೆ ಒಂದು ನಿಮಿಷವಿರುವಾಗ ಹಸಿರು ದೀಪ ಹತ್ತಿತು. ಯಂತ್ರ ತಾನೇ ಎದ್ದಿತು, ರಾದಿಮ್. ಎದ್ದು, ತನ್ನೊಳಗಿನ ಪಂಚಾಂಗ ನೋಡಿತು, ಇವತ್ತು ಮೌನ ಎಂದು ತಿಳಿದುಕೊಂಡಿತು, ಸುಮ್ಮನೆ ಮತ್ತೆ ಮಲಗಿತು. ಹೊರಗೆ ಗಿಲಕಿಗಳ ಸದ್ದು. ಶನಿವಾರವೂ ಹಾಗೇ. ಪಾಸ್ಕದ ಭಾನುವಾರ ಹನ್ನೆರಡಕ್ಕೆ ಸರಿಯಾಗಿ ಬಾರಿಸಿತು. ಅಂದಿನಿಂದ ಇವತ್ತಿನವರೆಗೆ ಒಂದೂ ತಪ್ಪಿಲ್ಲ. ಹ್ರುಬೇಶ್ ಬೀದಿಯಲ್ಲಿ ಸಿಕ್ಕಿ, "ನಿನ್ನ ಆನ್ನಾ ನಿವೃತ್ತಿ ಒಪ್ಪಲಿಲ್ಲ ಅನ್ನು!" ಎಂದು ಟೊಪ್ಪಿಗೆ ಎತ್ತಿದ.

ಆ ಮೌನದ ದಿನಗಳನ್ನು ಯಂತ್ರಕ್ಕೆ ಕಲಿಸಿದ್ದು ಯಾರು? ಪಾಸ್ಕ ವರ್ಷವರ್ಷವೂ ಬೇರೆ ತಾರೀಕಿಗೆ ಬರುತ್ತದಲ್ಲ, ಅದನ್ನು ಹೇಗೆ ಲೆಕ್ಕ ಹಾಕುವುದೆಂದು ವೊಯ್ತಾ ತಲೆ ಕೆರೆದುಕೊಂಡಾಗ, "ಬಿಡು ಭಾವ, ನಾನು ಬರೀತೀನಿ" ಅಂದವನು ನೀನು. ನಾನು ಒಲೆಯ ಹತ್ತಿರ ನಿಂತಿದ್ದೆ. ಆ ಸಾಲು ನಿನ್ನ ಕೈಯದು. ಯಂತ್ರ ಮರೆಯಲಿಲ್ಲ.

ಈಗ ನನ್ನ ತಪ್ಪು. ದೇವರ ಮುಂದೆ ಹೇಳಿಯಾಗಿದೆ, ನಿನಗೂ ಹೇಳಬೇಕು. ಕಾರ್ಡು ಬರೆಯುವಾಗ ಶುಕ್ರವಾರದ ಹತ್ತಿರ ನನ್ನ ಪೆನ್ನು ನಿಂತಿತು. "ದೀಪ ಹತ್ತಿತ್ತು" ಎಂದು ಎರಡು ಪದ ಬರೆದಿದ್ದರೆ ಸಾಕಿತ್ತು, ಜಾಗವೂ ಇತ್ತು. ಕಥೆ ಬೇಡ ಅಂದಿದ್ದೆಯಲ್ಲ, ಆ ಸಿಟ್ಟು ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಇವನಿಗೆ ತಿಳಿಯುತ್ತದೋ ಇಲ್ಲವೋ ನೋಡೋಣ ಅನ್ನಿಸಿತು. ತಿಳಿದರೆ ನನ್ನ ತಮ್ಮ ಇನ್ನೂ ಎಲ್ಲೋ ಇದ್ದಾನೆ ಎಂದುಕೊಳ್ಳುವ ಆಸೆ. ಯಂತ್ರವನ್ನು ಪರೀಕ್ಷಿಸಲು ಹೇಳಿದರೆ ನಿನ್ನನ್ನು ಪರೀಕ್ಷಿಸಿದೆ. ಸಾವಿರ ಜನರೆದುರು ನೀನು ತಲೆ ತಗ್ಗಿಸುವಂತಾಯಿತು.

ವೊಯ್ತಾನ ಮಣ್ಣಿನ ದಿನ ಊಟದ ಮೇಜಿನಲ್ಲಿ ನೀನು "ಮೇಲೆ ಯಾರೂ ಇಲ್ಲ ಅಕ್ಕಾ, ಖಾಲಿ ಮನೆಗೆ ಗಂಟೆ ಹೊಡೀತಿದ್ದೀರಿ" ಅಂದೆ. ನಾನು "ಹಾಗಾದರೆ ಕೆಳಗಿನ ಈ ಮನೆಗೂ ಬರಬೇಡ" ಅಂದೆ. ನೀನು ಹೇಳಿದ್ದಕ್ಕೆ ಉತ್ತರ ನಾನು ಕೊಡಬೇಕಾದ್ದಲ್ಲ. ನಾನು ಹೇಳಿದ್ದನ್ನು ವಾಪಸು ತೆಗೆದುಕೊಂಡಿದ್ದೇನೆ. ಎಲ್ಲರೆದುರು ಬೇಕಾದರೂ ಬರಿ.

ಊಟ ಆಯಿತೇ?

ಅಕ್ಕ,
ಬೊಹುನಾ

*

ಬ್ರ್ನೊ, ೬ ಮೇ ೨೦೧೫

ಅಕ್ಕಾ,

ಕಾಗದ ಓದಿದೆ. ಅದು ಪವಿತ್ರ ವಾರ ಎಂದೇ ನನಗೆ ಗೊತ್ತಿರಲಿಲ್ಲ. ಶುಕ್ರವಾರ ಎಂದಿನ ಕೆಲಸದ ದಿನ, ಎಂದಿನಂತೆ ಕೂತಿದ್ದೆ. ಸೋಮವಾರ ಬೇಕರಿ ಯಾಕೆ ಮುಚ್ಚಿದೆ ಎಂದು ಬಾಗಿಲ ಮುಂದೆ ನಿಂತು ಯೋಚಿಸಿದವನು ನಾನು.

ಆ ಸಾಲನ್ನು ಮತ್ತೆ ಕಳಿಸಿದೆ. ಹಿಂದೆ ತೆಗೆದದ್ದು ಯಾಕೆ, ಈಗ ಕಳಿಸುವುದು ಯಾಕೆ ಎಂದು ವಿವರ ಕೊಡಬೇಕು. "ಪರೀಕ್ಷೆಯ ಎರಡನೇ ಮತ್ತು ಮೂರನೇ ದಿನ ಗಂಟೆಗಳು ರೋಮಿನಲ್ಲಿದ್ದವು" ಎಂದು ಬರೆದೆ. ಆಂತೆರೊ ಕೇಳಿದ, "ಇದು ಯಾವ ತಂತ್ರಜ್ಞಾನದ ಪದ?" ಅವನಿಗೆ ಒಂದು ಪುಟ ಬರೆದೆ. ಗಿಲಕಿ, ಬಾತುಕೋಳಿಯ ಕೊಬ್ಬು ಎಲ್ಲ ಬಂತು. ಕಥೆ ಬೇಡ ಅಂದವನು ನಾನೇ. ಲೋಕದ ಮೂಲೆಮೂಲೆಯಿಂದ ಜನ ಉತ್ತರ ಬರೆದರು. ಒಬ್ಬನ ಅಜ್ಜಿಯ ಊರಿನಲ್ಲೂ ಹೀಗೇ ಅಂತೆ.

ಒಪ್ಪಿಗೆಯಾಗಿದೆ, ನಿನ್ನ ಪೂರ್ತಿ ಹೆಸರಿನಲ್ಲೇ. ತಿಳಿಸಿದವರು: ಬೊಹುಮಿಲಾ ಜೆದ್ನೀಚ್ಕೊವಾ. ಪರೀಕ್ಷಿಸಿದವರು: ಬೊಹುಮಿಲಾ ಜೆದ್ನೀಚ್ಕೊವಾ. ಇನ್ನು ಲೋಕದಲ್ಲಿ ಆ ಕರ್ನಲ್ ಎಲ್ಲೆಲ್ಲಿಗೆ ಹೋಗುತ್ತದೋ ನಿಮ್ಮ ಹಲಗೆಯ ಸಾಲೂ ಅಲ್ಲೆಲ್ಲ ಹೋಗುತ್ತದೆ. ವೊಯ್ತಾನ ಹೆಸರು ಹಾಕಲಾಗಲಿಲ್ಲ. ವಿವರಣೆಯಲ್ಲಿ "ಈ ಯಂತ್ರ ಕಟ್ಟಿದ ಇಬ್ಬರಲ್ಲಿ ಒಬ್ಬರು ಈಗಿಲ್ಲ" ಎಂದು ಬರೆದಿದ್ದೇನೆ. ಅದು ನಿಜವಾದ್ದರಿಂದ ಯಾರೂ ಅಳಿಸಲಿಲ್ಲ.

ಹದಿನಾರನೇ ತಾರೀಕು ಶನಿವಾರ, ಬರುತ್ತೇನೆ. ಬಸ್ಸು ಹನ್ನೊಂದೂ ನಲವತ್ತಕ್ಕೆ ಮುಟ್ಟುತ್ತದೆ. ಊಟಕ್ಕೆ.

ರಾದಿಮ್

*

ಪೊದ್‌ಲೆಸಿ, ೧೮ ಮೇ ೨೦೧೫

ತಮ್ಮಾ,

ಪ್ರಭು ಯೇಸುವಿಗೆ ಸ್ತುತಿ.

ಶನಿವಾರ ಸಬ್ಬಸಿಗೆ ಗೊಜ್ಜು ಮಾಡಿದ್ದೆ, ಬೇಯಿಸಿದ ಮೊಟ್ಟೆ ಹಾಕಿ, ನಿನಗೆ ಬೇಕಾದಷ್ಟು ಹುಳಿ ಮಾಡಿ. ಬಸ್ಸಿನ ಸದ್ದು ಕೇಳಿಸಿತು. ಹನ್ನೆರಡಕ್ಕೆ ಆನ್ನಾ ಬಾರಿಸಿತು. ಬಾಗಿಲು ತೆಗೆದೇ ಇತ್ತು. ಒಂದೂವರೆಗೆ ತಟ್ಟೆ ತೆಗೆದಿಟ್ಟೆ.

ಸಂಜೆ ಕ್ವೇತಾ ಬಂದಳು. "ಬೊಹುನಾ, ನಿಮ್ಮ ರಾದಿಮ್ ಬಸ್‌ಸ್ಟಾಪಿನಲ್ಲಿ ನಿಂತಿದ್ದ ಕಣೇ. ನಾನೇ ಕಂಡೆ. ತಲೆ ಎಷ್ಟು ನರೆತಿದೆ! ಗಂಟೆ ಬಾರಿಸೋವಾಗ ಟೊಪ್ಪಿಗೆ ಕೈಯಲ್ಲಿ ಹಿಡ್ಕೊಂಡು ಗೋಪುರ ನೋಡ್ತಾ ನಿಂತಿದ್ದ. ಮುಗಿದ ಮೇಲೂ ನಿಂತಿದ್ದ. ಆಮೇಲೆ ಹನ್ನೆರಡೂ ಇಪ್ಪತ್ತರ ಬಸ್ ಬಂತು, ಹತ್ತಿಬಿಟ್ಟ. ಜಗಳ ಆಡಿದ್ರಾ?"

"ಇಲ್ಲ," ಅಂದೆ.

"ಮತ್ತೆ ಮನೆಗೆ ಯಾಕೆ ಬರಲಿಲ್ಲ? ನೂರು ಹೆಜ್ಜೆ ಇಲ್ಲ!"

"ಅವನಿಗೆ ಅಲ್ಲೀತನಕ ಬರೋಕ್ಕಾಯ್ತು," ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಗೊಜ್ಜು ಕೊಟ್ಟು ಕಳಿಸಿದೆ.

ನಿನ್ನನ್ನು ಕಾರಣ ಕೇಳುವುದಿಲ್ಲ. ಬಂದದ್ದನ್ನು ಬರಲಿಲ್ಲ ಎಂದು ಬರೆಯುವ ತಪ್ಪನ್ನು ಒಮ್ಮೆ ಮಾಡಿದ್ದೇನೆ, ಇನ್ನೊಮ್ಮೆ ಮಾಡುವುದಿಲ್ಲ. ಅಷ್ಟು ದೂರದಿಂದ ಗಂಟೆ ಚೆನ್ನಾಗಿ ಕೇಳಿಸುತ್ತದೆ. ಗೋಪುರದ ಕೆಳಗೇ ಇರುವ ನನಗೆ ಅರ್ಧ ಗೋಡೆಯೇ ನುಂಗುತ್ತದೆ.

ಒಂದು ಮಾತು ಕೇಳು. ತಾರೀಕು ಬರೆಯಬೇಡ. ನಿನಗೂ ಅದರಿಂದ ಕಷ್ಟ, ನನಗೂ ಕಷ್ಟ. ನಾನು ನನ್ನ ಪಟ್ಟಿಯಲ್ಲಿ ಒಂದು ಸಾಲು ಬರೆದುಕೊಂಡಿದ್ದೇನೆ. ದಿನಾ ಗಂಟೆಯಾದಾಗ ಎರಡು ತಟ್ಟೆ ಹಾಕುತ್ತೇನೆ. ಊಟ ಮುಗಿದ ಮೇಲೆ ಎರಡನ್ನೂ ತೊಳೆದು, ಮರುದಿನದ ಹೊತ್ತಿಗೆ ಮೇಜಿನ ಮೇಲೆ ಬೋರಲು ಹಾಕುತ್ತೇನೆ. ಅದಕ್ಕಿಂತ ಮುಂದಿನ ಮಾತು ಇಲ್ಲ.

ಇವತ್ತು ಬಾರಿಸಿತು. ತಟ್ಟೆ ತೊಳೆದಾಯಿತು. ನಾಳಿನ ಹನ್ನೆರಡಕ್ಕೆ ಇಟ್ಟಿದ್ದೇನೆ.

ನಿನ್ನ ಅಕ್ಕ,
ಬೊಹುನಾ